ಫೋಟೋಕ್ಕೆ ಬಿದ್ದ ಹಾರ

ಬಸವಕಲ್ಯಾಣ, ಹುಮನಾಬಾದ್ ಎರಡೂ ಊರಿನವರಿಗೆ ಸೇರಿದ ಒಂದು ಆನ್‌ಲೈನ್ ಗುಂಪಿದೆ. ಬಸ್ಸು ಎಷ್ಟೊತ್ತಿಗೆ, ಯಾರ ಮೇಕೆ ಕಳೆದಿದೆ, ಬಾಡಿಗೆ ಮನೆ ಎಲ್ಲಿದೆ, ಎಲ್ಲ ಅಲ್ಲೇ ತಿಳಿಯುತ್ತದೆ. ಅಲ್ಲಿ ಏನಿರಬೇಕು, ಏನನ್ನು ಅಳಿಸಬೇಕು ಎಂದು ನೋಡಿಕೊಳ್ಳುವವರು ಮೂವರು: ಬಸವಕಲ್ಯಾಣದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ನಾನು, ಹುಮನಾಬಾದಿನ ನಿವೃತ್ತ ಮಾಸ್ತರರು, ಮಾಣಿಕನಗರದ ಬಳೆ ಅಂಗಡಿಯ ಅಕ್ಕ. ಸಂಬಳ ಇಲ್ಲ, ಬೈಗುಳಕ್ಕೆ ಬರವೂ ಇಲ್ಲ.

ನಮ್ಮ ಮೂವರ ಮಾತಿಗೆ ಬೇರೆಯೇ ಒಂದು ಆ್ಯಪ್ ಇದೆ, ಕಂಪನಿಗಳ ತಂಡದವರು ಬಳಸುವಂಥದ್ದು. ಗುಂಪಿನಲ್ಲಿ ಯಾರಾದರೂ ಒಂದು ಪೋಸ್ಟಿನ ಮೇಲೆ ದೂರು ಕೊಟ್ಟರೆ ಅದು ತಾನಾಗಿ ಇಲ್ಲಿಗೆ ಬಂದು ಬೀಳುತ್ತದೆ. ಇಬ್ಬರು ಟಿಕ್ ಹಾಕಿದರೆ ಪೋಸ್ಟ್ ಹೋಯಿತು. ಮಾಸ್ತರರು ಟಿಕ್ಕಿನ ಜೊತೆ ಕಾರಣವನ್ನೂ ಬರೆಯುತ್ತಾರೆ, ಪರೀಕ್ಷೆಯ ಪೇಪರ್ ತಿದ್ದಿದ ಹಾಗೆ. ಅಕ್ಕ ಬರೆಯುವುದೇ ಇಲ್ಲ, ಧ್ವನಿ ಕಳಿಸುತ್ತಾರೆ. ಹಿಂದೆ ಗಿರಾಕಿಗಳ ಚೌಕಾಸಿಯೂ ಕೇಳುತ್ತದೆ.

ಹುಮನಾಬಾದಿನಲ್ಲಿ ಶೇರ್ವಾನಿ ಹೊಲಿಯುವುದರಲ್ಲಿ ಹೆಸರು ಮಾಡಿದ ಹಿರಿಯ ದರ್ಜಿಯೊಬ್ಬರಿದ್ದಾರೆ. ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟಾಗ ಶಿಷ್ಯರು ಅವರದೇ ದೊಡ್ಡ ಫೋಟೋಕ್ಕೆ ಕಟ್ಟು ಹಾಕಿಸಿ ಉಡುಗೊರೆ ಕೊಟ್ಟರು. ಬರೀ ಫೋಟೋ ಬೋಳಾಗಿ ಕಂಡಿತೆಂದು ಚೆಂಡುಹೂವಿನ ಹಾರವನ್ನೂ ಹಾಕಿದರು. ಅದರ ಚಿತ್ರ ತೆಗೆದು ಬೆಳಿಗ್ಗೆ ಗುಂಪಿಗೆ ಹಾಕಿ ಕೆಳಗೆ ಬರೆದರು: ‘ನಮ್ಮ ಉಸ್ತಾದರು. ಈ ಕೈ ಇನ್ನು ಕತ್ತರಿ ಹಿಡಿಯುವುದಿಲ್ಲ.’

ಕಟ್ಟು ಹಾಕಿದ ಫೋಟೋಕ್ಕೆ ಹಾರ ಬಿತ್ತೆಂದರೆ ಆಸಾಮಿ ಹೋದನೆಂದೇ ಅರ್ಥ. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ನಮ್ಮ ಮಾಸ್ತರರೇ ‘ತುಂಬಲಾರದ ನಷ್ಟ’ ಎಂದು ಬರೆದುಬಿಟ್ಟರು. ಫೋನ್ ಮಾಡಿ ವಿಚಾರಿಸಲು ಒಬ್ಬರಿಗೂ ಧೈರ್ಯವಿಲ್ಲ. ಸಾವಿನ ಮನೆಗೆ ಫೋನ್ ಹಚ್ಚಿ ‘ಖರೇನ ಹೋದ್ರೇನ್ರಿ’ ಎಂದು ಕೇಳುವುದಾದರೂ ಹೇಗೆ?

ನನ್ನ ಪಕ್ಕದ ಅಂಗಡಿ ಆ ಉಸ್ತಾದರ ತಮ್ಮನದು. ಅವರೂ ದರ್ಜಿಯೇ, ನಾನು ಚಾಚಾ ಎನ್ನುತ್ತೇನೆ. ಹಿರಿಯರಿಂದ ಬಂದ ಅಂಗಡಿ ಪಾಲಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಣ್ಣನ ಸುದ್ದಿ ಬಂದರೆ ಚಾಚಾ ‘ಹುಮನಾಬಾದ್ದಾವ’ ಎಂದಷ್ಟೇ ಹೇಳಿ ಹೊಲಿಗೆ ಮಷೀನು ತುಳಿಯುತ್ತಿದ್ದರು. ಆವತ್ತು ಫೋನ್ ಹಿಡಿದುಕೊಂಡು ನನ್ನ ಬಳಿ ಬಂದು, “ಇದು ಓದು ಬೇಟಾ, ನನಗ್ಯಾಕೋ ಅಕ್ಷರ ಕಾಣವಲ್ವು” ಎಂದರು. ಓದಿದೆ. ಅವರು ಶಟರ್ ಎಳೆದು, ಕೊರಳಲ್ಲಿದ್ದ ಅಳತೆಯ ಟೇಪನ್ನೂ ತೆಗೆಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನನಗೆ ಬಹಳ ಸಂಕಟವಾಯಿತು. ಆ್ಯಪಿನಲ್ಲಿ ಬರೆದೆ: ‘ಉಸ್ತಾದರ ತಮ್ಮ ಹುಮನಾಬಾದ್ ಬಸ್ಸು ಹತ್ತಲು ಹೋದರು.’

ಅಷ್ಟರಲ್ಲಿ ಮಾಸ್ತರರು ಬಿಳಿ ಅಂಗಿ ತೊಟ್ಟು ಉಸ್ತಾದರ ಮನೆ ಮುಟ್ಟಿದ್ದರು. ಅಲ್ಲಿಂದ ಅವರ ಸಂದೇಶ ಬಂತು: ‘ಉಸ್ತಾದರು ಜೀವಂತವಾಗಿದ್ದಾರೆ. ಮಂಡಕ್ಕಿ ಸುಸಲಾ ತಿನ್ನುತ್ತಿದ್ದಾರೆ. ನನಗೂ ಕೊಟ್ಟರು.’

ನಾನು ಕೂಡಲೇ ಪೋಸ್ಟ್ ಅಳಿಸಲು ಟಿಕ್ ಹಾಕಿದೆ. ಇನ್ನೊಂದು ಬಿದ್ದರೆ ಆಯಿತು. ಆದರೆ ಮಾಸ್ತರರ ಫೋನ್ ಬಂತು, ಮಾತಾಡಿದವರು ಉಸ್ತಾದರು. ತಮ್ಮ ಹೊರಟಿದ್ದು ಮಾಸ್ತರರಿಂದ ಅವರಿಗೆ ಗೊತ್ತಾಗಿತ್ತು.

“ಅಳಸಬ್ಯಾಡ್ರಿ. ಅವಗ ಫೋನೂ ಮಾಡಬ್ಯಾಡ್ರಿ. ನಾ ಬದುಕೀನಿ ಅಂತ ಗೊತ್ತಾದ್ರ ನಡುವ ಇಳದು ತಿರುಗಿ ಹೋಗ್ತಾನ. ನಂಗ ಗೊತ್ತದ ಅವನ ಜಿದ್ದು.”

ನಾನು ಆ್ಯಪಿನಲ್ಲಿ ಕೇಳಿದೆ, ಏನು ಮಾಡೋಣ? ಅಕ್ಕನ ಧ್ವನಿ ಬಂತು: “ಪಾಪ, ಬಸ್ಸಿನ್ಯಾಗ ಅಳಾಕತ್ತಿರ್ತಾರ. ತಗದುಬಿಡ್ರಿ.” ಹಿಂದೆಯೇ ಇನ್ನೊಂದು: “ಬ್ಯಾಡ, ಅಳ್ಳಿ ಬಿಡ್ರಿ. ಇಷ್ಟ ವರ್ಷ ಅತ್ತಿಲ್ಲ.” ಮಾಸ್ತರರು ಬರೆದರು: ‘ನಿಯಮದ ಪ್ರಕಾರ ತಕ್ಷಣ ಅಳಿಸಬೇಕು. ಆದರೆ ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ.’ ಆ ಸಂದೇಶ ಮಾತ್ರ ಸಲೀಸಾಗಿ ಬಂದಿತ್ತು. ನಾನು ನನ್ನ ಟಿಕ್ ಹಿಂತೆಗೆದುಕೊಂಡೆ. ಶಿಷ್ಯರು ಬಂದು ನಿಜ ಹೇಳಿಬಿಟ್ಟಾರೆಂದು ಕಮೆಂಟುಗಳಿಗೂ ಬೀಗ ಹಾಕಿದೆ. ಆಮೇಲೆ ಗಿರಾಕಿಗಳಿಗೆ ಝೆರಾಕ್ಸ್ ತೆಗೆದುಕೊಡುವಾಗಲೂ ಮನಸ್ಸು ಆ ಬಸ್ಸಿನಲ್ಲೇ ಇತ್ತು.

ಮುಂದಿನದನ್ನು ಮಾಸ್ತರರೇ ಹೇಳಿದ್ದು. ಚಾಚಾ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಒಳಗೆ ಅಣ್ಣ ಎದ್ದು ನಿಂತರು. ತಮ್ಮನ ಕೊರಳು ನೋಡಿದರು. “ಕೊಳ್ಳಾಗ ಟೇಪ್ ಹಾಕ್ಕೊಂಡು ಯಾರ ಅಳತಿ ತಗೊಳ್ಳಾಕ ಬಂದಿ?” ಎಂದರು.

ಚಾಚಾ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಜೋರಾಗಿ ಅತ್ತರಂತೆ. ಅತ್ತು ಮುಗಿದ ಮೇಲೆ ಅಣ್ಣನ ತಟ್ಟೆಯನ್ನೇ ಎಳೆದುಕೊಂಡು ಸುಸಲಾ ತಿಂದರಂತೆ.

ಖುಷಿಯಲ್ಲಿ ನಾವು ಮೂವರೂ ಪೋಸ್ಟನ್ನು ಮರೆತೇಬಿಟ್ಟೆವು. ಮಧ್ಯಾಹ್ನ ಆ್ಯಪಿನಲ್ಲಿ ಒಂದು ದೂರು ಬಂದು ಬಿತ್ತು. ಕಳಿಸಿದವರು ಚಾಚಾ, ಹುಮನಾಬಾದಿನಿಂದಲೇ.

‘ಇದು ಸುಳ್ಳು ಸುದ್ದಿ ಅದ. ನಮ್ಮ ಭಾಯಿ ಜಿಂದಾ ಇದ್ದಾರ. ಜಲ್ದಿ ತಗೀರಿ.’

ಎರಡು ಟಿಕ್ ಸಾಕಿತ್ತು. ಮೂವರೂ ಹಾಕಿದೆವು.