ಪೋರ್ಟ್‌ಲ್ಯಾಂಡ್ ಹುಡುಗ, ಫೀನಿಕ್ಸ್ ಹುಡುಗ

ಹೋದ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿದ್ದ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವಷ್ಟರಲ್ಲಿ ನಾನು ಅಮೆರಿಕದ ತಜ್ಞೆಯಾಗಿಬಿಟ್ಟಿದ್ದೆ. ನೇಮಕ ಮಾಡಿದವರು ಲಿಂಗರಾಜಪುರದ ನಮ್ಮ ಎದುರು ಮನೆಯ ಮುನಿರಾಜು. ಗೇಟಿನ ಆಚೆ ನಿಂತು, ಒಂದು ಹತ್ತು ನಿಮಿಷ ಮನೆಗೆ ಬಂದು ಹೋಗಿ ಮೇಡಂ, ಒಂದು ಸೀರಿಯಸ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು ಎಂದರು. ಅವರ ಮುಖ ನೋಡಿ, ಯಾರಿಗೋ ಆಪರೇಷನ್ ಇರಬೇಕು ಅಂದುಕೊಂಡೆ. ನೈಟಿ ಮೇಲೊಂದು ದುಪಟ್ಟಾ ಎಳೆದುಕೊಂಡು ಓಡಿದೆ.

ಆಪರೇಷನ್ ಏನೂ ಇರಲಿಲ್ಲ. ಹಾಲ್‌ನಲ್ಲಿ ಟಿ.ವಿ. ತುಂಬ ಅಮೆರಿಕದ ಮ್ಯಾಪ್ ಹರಡಿಕೊಂಡಿತ್ತು. ಅದರ ಮುಂದೆ ರಿಮೋಟ್ ಹಿಡಿದು ಕೂತಿದ್ದವರು ಮುನಿರಾಜು ಅವರ ಭಾವಮೈದ ಜಯರಾಮ್. ಇದಕ್ಕೆಂದೇ ಕೆ.ಆರ್. ಪುರದಿಂದ ಬಂದಿದ್ದರು. ಮುನಿರಾಜು ಅವರ ಹೆಂಡತಿ ಪುಷ್ಪ ಕಾಫಿ ಕೊಟ್ಟು ವಿಷಯ ಹೇಳಿದರು. ಮಗಳು ಚೈತ್ರಾಗೆ ಎರಡು ಸಂಬಂಧ ಬಂದಿವೆ. ಒಬ್ಬ ಹುಡುಗ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾನೆ, ಇನ್ನೊಬ್ಬ ಫೀನಿಕ್ಸ್‌ನಲ್ಲಿ. ಎರಡೂ ಜಾತಕ ಕೂಡಿವೆ, ಎರಡೂ ಮನೆಯವರು ಮರ್ಯಾದಸ್ಥರು, ಇಬ್ಬರಿಗೂ ಒಳ್ಳೆಯ ಸಂಬಳ. ಹಾಗಾದರೆ ತೀರ್ಮಾನ ಮಾಡುವುದು ಹೇಗೆ? ಊರು ನೋಡಿ.

“ನೀವು ಎರಡೂ ಕಡೆ ಇದ್ದು ಬಂದಿದ್ದೀರಲ್ಲ ಮೇಡಂ,” ಅಂದರು ಜಯರಾಮ್. “ವಾಸಕ್ಕೆ ಯಾವ್ದು ಬೆಸ್ಟು ಅಂತ ನೀವೇ ಹೇಳ್ಬಿಡಿ.”

ಇದ್ದು ಬಂದಿದ್ದು ನಿಜ. ನನ್ನ ತಂಗಿ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾಳೆ, ನಾದಿನಿ ಫೀನಿಕ್ಸ್‌ನಲ್ಲಿ. ಎರಡು ವರ್ಷದ ಹಿಂದೆ ಒಬ್ಬೊಬ್ಬರ ಮನೆಯಲ್ಲೂ ಒಂದೊಂದು ತಿಂಗಳು ಇದ್ದು ಬಂದೆ. (ಎರಡೂ ಊರಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಅಡುಗೆಮನೆಯ ಸಿಂಕನ್ನು. ಅದನ್ನು ಹೇಳಿದರೆ ತಜ್ಞೆಯ ಪಟ್ಟ ಹೋಗುತ್ತದೆ ಅಂತ ಸುಮ್ಮನಿದ್ದೆ.)

ಪ್ರಶ್ನೆಗಳು ಶುರುವಾದವು. ಪೋರ್ಟ್‌ಲ್ಯಾಂಡ್‌ನಲ್ಲಿ ಮಳೆ ಹೇಗೆ? ಚಳಿಗಾಲ ಪೂರ್ತಿ ಜಿಟಿಜಿಟಿ ಅಂದೆ, ನಮ್ಮ ಥರ ಸುರಿದು ನಿಲ್ಲುವ ಮಳೆ ಅಲ್ಲ. ಬಟ್ಟೆ ಒಣಗುತ್ತಾ ಅಂತ ಪುಷ್ಪ ಕೇಳಿದರು. ಡ್ರೈಯರ್ ಇರುತ್ತದೆ ಅಂದೆ. ಮಂಡಿನೋವು ಇರುವವರಿಗೆ? ಅದು ಸ್ವಲ್ಪ ಕಷ್ಟ. ಫೀನಿಕ್ಸ್ ಬಿಸಿಲಂತೆ, ನಿಜವಾ? ಬೇಸಿಗೆಯಲ್ಲಿ ಕಾರಿನ ಸ್ಟಿಯರಿಂಗ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ನನ್ನ ನಾದಿನಿ ಬಟ್ಟೆ ಹಿಡಿದುಕೊಂಡು ಓಡಿಸುತ್ತಾಳೆ. ಆದರೆ ಚಳಿಗಾಲ ಮಾತ್ರ ನಮ್ಮ ಡಿಸೆಂಬರ್ ಇದ್ದ ಹಾಗೆ. ಒಣ ಹವೆ ವೀಸಿಂಗ್‌ಗೆ ಒಳ್ಳೆಯದಂತಲ್ಲ? ಅದು ನನಗೆ ಗೊತ್ತಿರಲಿಲ್ಲ. ಜಯರಾಮ್‌ಗೆ ಗೊತ್ತಿತ್ತು, ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದರಂತೆ.

ಜಯರಾಮ್ ತಯಾರಿಯನ್ನು ಮೆಚ್ಚಲೇಬೇಕು. ಪೋರ್ಟ್‌ಲ್ಯಾಂಡ್‌ನ ಅಂಗಡಿ ಬಿಲ್ ಮೇಲೆ ಟ್ಯಾಕ್ಸ್ ಇಲ್ಲ ಅನ್ನುವುದು ಅವರಿಗೆ ಗೊತ್ತು. ಅಲ್ಲಿ ಕರಿಬೇವಿನ ಗಿಡವನ್ನು ಚಳಿಗಾಲದಲ್ಲಿ ಮನೆಯೊಳಗೆ ಇಟ್ಟುಕೊಳ್ಳಬೇಕು, ಫೀನಿಕ್ಸ್‌ನಲ್ಲಿ ಹಿತ್ತಲಲ್ಲೇ ಬೆಳೆಯುತ್ತದೆ ಅನ್ನುವುದೂ ಗೊತ್ತು. ರಿಮೋಟ್ ಒತ್ತಿ ಫೀನಿಕ್ಸ್‌ನ ಬೀದಿಗಳಲ್ಲಿ ನಮ್ಮನ್ನೆಲ್ಲ ನಡೆಸಿಕೊಂಡು ಹೋದರು. ಫುಟ್‌ಪಾತ್ ನೋಡಿ ಮೇಡಂ, ಒಂದು ಕಲ್ಲೂ ಎದ್ದಿಲ್ಲ ಎಂದರು. (ಇದೇ ಮುನಿರಾಜು ಮನೆಯ ಮುಂದಿನ ರಸ್ತೆ ಅಗೆದು ಯಾವ ಕಾಲವಾಯಿತೋ. ಗೇಟು ದಾಟಬೇಕಾದರೆ ಹಲಗೆ ಮೇಲೆ ಬ್ಯಾಲೆನ್ಸ್ ಮಾಡಬೇಕು. ಅದರ ಬಗ್ಗೆ ಅವರು ಒಂದು ದೂರು ಕೊಟ್ಟಿದ್ದನ್ನೂ ನಾನು ಕೇಳಿಲ್ಲ.)

ನನಗೂ ಹುಮ್ಮಸ್ಸು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಎರಡನೇ ಲೋಟ ಕಾಫಿ ಹೊತ್ತಿಗೆ ಏನೋ ಕಸಿವಿಸಿ ಶುರುವಾಯಿತು. ಪೋರ್ಟ್‌ಲ್ಯಾಂಡ್ ನಿನ್ನೆ ಫೋನ್ ಮಾಡಿದ್ರು ಅಂತ ಪುಷ್ಪ ಹೇಳುತ್ತಿದ್ದರು. ಫೀನಿಕ್ಸ್‌ಗೆ ಸ್ವಲ್ಪ ಕೂದಲು ಕಡಿಮೆ, ಆದ್ರೆ ಗುಣವಂತ ಅಂತ ಮುನಿರಾಜು ಹೇಳುತ್ತಿದ್ದರು. ನಮ್ಮಲ್ಲಿ ಇದು ಹೊಸದೇನಲ್ಲ. ದುಬೈ ಹುಡುಗ, ಬ್ಯಾಂಕ್ ಹುಡುಗ, ಸ್ವಂತ ಮನೆ ಹುಡುಗ ಅಂತಲೇ ನಾವು ಗಂಡುಗಳನ್ನು ಗುರುತಿಟ್ಟುಕೊಳ್ಳುವುದು. ನನ್ನ ಯಜಮಾನರು ಮದುವೆಯಾಗುವವರೆಗೂ ನಮ್ಮ ಮನೆಯಲ್ಲಿ ‘ಕ್ವಾರ್ಟರ್ಸ್ ಹುಡುಗ’ ಆಗಿದ್ದರು, ಫ್ಯಾಕ್ಟರಿಯವರು ಮನೆ ಕೊಟ್ಟಿದ್ದರು ಅಂತ.

ಸರಿ, ಅದನ್ನು ಬಿಡೋಣ. ಈ ಮಂಡಿನೋವು ಯಾರದು? ಇಪ್ಪತ್ತೆಂಟು ವರ್ಷದ ಚೈತ್ರಾಳದಲ್ಲ, ಪುಷ್ಪ ಅವರದು. ವೀಸಿಂಗ್ ಯಾರದು? ಮುನಿರಾಜು ಅವರದು. ಕರಿಬೇವು ಬೇಕಾಗಿರುವುದು ಪುಷ್ಪಾಗೆ. ವರ್ಷಕ್ಕೊಂದು ಸಲ ಹೋಗಿ ಆರು ತಿಂಗಳು ಇದ್ದು ಬರಲು ಯಾವ ಊರು ಹಿತ ಅನ್ನುವುದನ್ನು ಇವರು ಆರಿಸುತ್ತಿದ್ದಾರೆ. ಮಗಳನ್ನು ಮುಂಚೆ ಕಳಿಸಿ ರೂಮು ಹಿಡಿಸುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು.

ಚೈತ್ರಾ ಎಲ್ಲಿ ಅಂತ ಕೇಳಿದೆ. ಕ್ಲಿನಿಕ್‌ಗೆ ಹೋಗಿದ್ದಾಳೆ ಎಂದರು.

ಆ ಕ್ಲಿನಿಕ್ಕನ್ನು ನಾನು ಚೆನ್ನಾಗಿ ಬಲ್ಲೆ. ಚೈತ್ರಾ ಫಿಸಿಯೋಥೆರಪಿಸ್ಟ್. ಹಲಸೂರಿನ ಗಲ್ಲಿಯೊಂದರಲ್ಲಿ, ಹಳೆ ಮನೆಯ ಮುಂದಿನ ಎರಡು ರೂಮು ಬಾಡಿಗೆಗೆ ಹಿಡಿದು, ಫ್ರೇಜರ್ ಟೌನಿನ ಗೆಳತಿ ನಸ್ರೀನ್ ಜತೆ ಅದನ್ನು ಶುರು ಮಾಡಿದಳು. ನನ್ನ ಭುಜ ಹಿಡಿದುಕೊಂಡು, ತಲೆ ಬಾಚಿಕೊಳ್ಳಲೂ ಆಗದೆ ಅಳುತ್ತಿದ್ದ ಕಾಲದಲ್ಲಿ ನನ್ನನ್ನು ಸರಿ ಮಾಡಿದ್ದು ಅವಳೇ. ಅಲ್ಲಿ ಕಾಯುತ್ತ ಕೂತಾಗ ಏನೇನು ನೋಡಿದ್ದೇನೆ! ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರು ಸ್ಟ್ರೋಕ್ ಆಗಿ ಬಂದಿದ್ದರು. ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಎಲ್ಲರಿಗೂ ಕೊಡುವ ರಬ್ಬರ್ ಚೆಂಡನ್ನು ಅವರು ಸಿಟ್ಟಿನಿಂದ ಎಸೆದುಬಿಟ್ಟರು. ಮಾರನೇ ದಿನ ಚೈತ್ರಾ ಒಂದು ರಾಶಿ ಬಟ್ಟೆ ತುಂಡು ತಂದು ಮುಂದಿಟ್ಟಳು, ಮಡಿಸಿ ಅಂತ. ಅವರು ದಖ್ನಿ ಉರ್ದುವಿನಲ್ಲಿ ಗೊಣಗುತ್ತ ಮಡಿಸುತ್ತಿದ್ದರು, ಇವಳು ತನ್ನ ಹರಕುಮುರುಕು ದಖ್ನಿಯಲ್ಲಿ “ಆಹಿಸ್ತಾ ಚಾಚಾ, ಆಹಿಸ್ತಾ” ಅನ್ನುತ್ತಿದ್ದಳು, ನಿಧಾನಕ್ಕೆ ಅಂತ. ಪಕ್ಕದ ಮಂಚದ ಅಜ್ಜಿಗೆ ತಮಿಳಿನಲ್ಲಿ ಗದರಿಕೆ. ನನಗೆ ಕನ್ನಡದಲ್ಲಿ. ಆ ಹಿರಿಯರು ಈಗ ಮತ್ತೆ ಗಲ್ಲಾಪೆಟ್ಟಿಗೆ ಪಕ್ಕ ಕೂತು ಸೀರೆ ಬಿಡಿಸಿ ತೋರಿಸುತ್ತಾರೆ.

ಇಷ್ಟನ್ನು ಬಿಟ್ಟು ಹೋಗಬೇಕಾದವಳ ಬಗ್ಗೆ ಆ ಹಾಲ್‌ನಲ್ಲಿ ಒಂದು ಮಾತೂ ಬಂದಿರಲಿಲ್ಲ. ನಾನೇ ಕೇಳಿದೆ, ಅಲ್ಲಿಗೆ ಹೋದ ಮೇಲೆ ಚೈತ್ರಾ ಕೆಲಸ ಮಾಡಬಹುದಾ, ಯಾರಾದರೂ ವಿಚಾರಿಸಿದ್ದೀರಾ?

“ಅದೆಲ್ಲ ಹೋದ್ಮೇಲೆ ನೋಡ್ಕೊಂಡ್ರಾಯ್ತು,” ಅಂದರು ಜಯರಾಮ್. “ಕೆಲಸ ಮಾಡ್ಲೇಬೇಕು ಅಂತೇನಿಲ್ವಲ್ಲ ಅವ್ಳಿಗೆ.”

ಹೋದ ಮೇಲೆ ನೋಡಿಕೊಳ್ಳುವುದು ಏನು ಅಂತ ನನಗೆ ಗೊತ್ತು. ನನ್ನ ತಂಗಿ ಇಲ್ಲಿ ಲ್ಯಾಬ್ ಒಂದನ್ನು ತಾನೇ ನಡೆಸುತ್ತಿದ್ದವಳು. ಗಂಡನ ವೀಸಾ ಮೇಲೆ ಹೋದಳು. ಕೆಲಸ ಮಾಡಲು ಅನುಮತಿ ಇಲ್ಲ. ವರ್ಷಗಟ್ಟಲೆ ಮನೆಯಲ್ಲಿ ಕೂತಳು. ಪೋರ್ಟ್‌ಲ್ಯಾಂಡ್‌ನಲ್ಲಿ ಗುಲಾಬಿ ಚೆನ್ನಾಗಿ ಬರುತ್ತದೆ, ಅದನ್ನು ಬೆಳೆಸಿದಳು. ಅವಳ ಗುಲಾಬಿ ಫೋಟೋಗಳಿಗೆ ಇಡೀ ಬಂಧುಬಳಗ ಹಾರ್ಟ್ ಒತ್ತಿತು, ಎಂಥ ಪುಣ್ಯವಂತೆ ಅಂದಿತು. ನಾನು ಅಲ್ಲಿದ್ದ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಬ್ಲಡ್ ರಿಪೋರ್ಟ್ ಕೈಗೆತ್ತಿಕೊಂಡು, ಅದನ್ನು ಬಹಳ ಹೊತ್ತು ಓದುತ್ತ ಕೂತಿದ್ದಳು. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ, ಎಲ್ಲ ನಾರ್ಮಲ್. ನನಗೆ ಆವತ್ತು ತುಂಬ ಸಂಕಟವಾಯಿತು.

ಇದನ್ನೆಲ್ಲ ಹೇಳಿದೆ. ಫಿಸಿಯೋಥೆರಪಿಗೆ ಅಲ್ಲಿ ಬೇರೆ ಪರೀಕ್ಷೆ, ಲೈಸೆನ್ಸ್ ಇದೆ, ಒಂದೊಂದು ರಾಜ್ಯದ ನಿಯಮ ಒಂದೊಂದು ಥರ, ಎರಡು ಊರನ್ನು ಹೋಲಿಸಲೇಬೇಕು ಅಂದರೆ ಮೊದಲು ಅದನ್ನು ಹೋಲಿಸಿ ಅಂದೆ. ಪುಷ್ಪ ತಲೆಯಾಡಿಸಿದರು. ಮುನಿರಾಜು, ಪಾಯಿಂಟ್ ಇದೆ ಎಂದರು. ಆಮೇಲೆ ಜಯರಾಮ್ ದೇವಸ್ಥಾನ ಎಷ್ಟು ದೂರ ಅಂತ ಮ್ಯಾಪ್‌ನಲ್ಲಿ ಹುಡುಕತೊಡಗಿದರು, ನಾನು ಮನೆಗೆ ಬಂದೆ.

ಸಂಜೆ ಪುಷ್ಪ ಒಂದು ಬಟ್ಟಲು ಶಾವಿಗೆ ಪಾಯಸ ತಂದುಕೊಟ್ಟರು. ಫೀನಿಕ್ಸ್ ಅಂತ ತೀರ್ಮಾನವಾಗಿತ್ತು. ಮಂಡಿನೋವು ಗೆದ್ದಿತ್ತು. (ಪಾಯಸ ಚೆನ್ನಾಗಿತ್ತು. ಸಿಟ್ಟಿನಲ್ಲೇ ತಿಂದೆ.)

ಬುಧವಾರ ಸಂಜೆ ಮತ್ತೆ ಬುಲಾವ್ ಬಂತು. ಹೋದರೆ, ಸಾವಾದ ಮನೆಯ ಕಳೆ. ಫೀನಿಕ್ಸ್ ಹುಡುಗನ ತಾಯಿ ಫೋನ್ ಮಾಡಿದ್ದರಂತೆ. ಸಂತೋಷದ ಸುದ್ದಿ, ಮಗನಿಗೆ ಪ್ರಮೋಷನ್ ಆಗಿದೆ, ಇನ್ನು ಕೆಲವೇ ದಿನಗಳಲ್ಲಿ ಮಿನಿಯಾಪೊಲಿಸ್‌ಗೆ ಟ್ರಾನ್ಸ್‌ಫರ್. ಟಿ.ವಿ.ಯಲ್ಲಿ ಆಗಲೇ ಮಿನಿಯಾಪೊಲಿಸ್ ಬಂದು ಕೂತಿತ್ತು. ಬಿಳಿ ರಸ್ತೆ, ಬಿಳಿ ಮರ. ಅಲ್ಲಿ ಚಳಿಗಾಲಕ್ಕೆ ಕೆರೆಯೇ ಹೆಪ್ಪುಗಟ್ಟಿ ಅದರ ಮೇಲೆ ಜನ ಕಾರು ನಿಲ್ಲಿಸುತ್ತಾರೆ ಎಂದು ಜಯರಾಮ್ ವಿವರಿಸುತ್ತಿದ್ದರು. ಸೈಟ್ ತೋರಿಸಿ ಬೇರೆ ಸೈಟ್ ರಿಜಿಸ್ಟರ್ ಮಾಡಿಕೊಟ್ಟವರ ಮೇಲೆ ಬರುವ ಸಿಟ್ಟು ಅವರ ಮುಖದಲ್ಲಿತ್ತು. ಮೊದಲೇ ಹೇಳಬೇಕಿತ್ತಲ್ಲವಾ ಅವರು, ಇದೆಂಥ ನ್ಯಾಯ ಅಂತ ನನ್ನನ್ನೇ ಕೇಳಿದರು. ಪೋರ್ಟ್‌ಲ್ಯಾಂಡ್‌ನವರಿಗೆ ಇನ್ನೂ ಬೇಡ ಅಂತ ಹೇಳಿಲ್ಲ, ಈಗಲೇ ಫೋನ್ ಹಚ್ಚೋಣ ಅನ್ನುವುದು ಅವರ ಸಲಹೆ.

ಒಂದು ವಿಷಯ ನೀವೇ ಹೇಳಿ. ಮನುಷ್ಯನನ್ನು ಬಿಟ್ಟು ಊರನ್ನು ಆರಿಸಿಕೊಂಡರೆ ಇನ್ನೇನಾಗಬೇಕು? ಊರು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ, ಬಿಸಿಲು ಕಾಯುತ್ತ. ಮನುಷ್ಯ ಸೂಟ್‌ಕೇಸ್ ಕಟ್ಟಿ ಹೊರಟ. ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ಜನ ನಾವು. ಮಗಳ ಜತೆ ನಲವತ್ತು ವರ್ಷ ಬದುಕಬೇಕಾದವನ ವಿಷಯದಲ್ಲಿ ಮಾತ್ರ ಬೀದಿಯ ಫುಟ್‌ಪಾತ್ ನೋಡಿ ತೃಪ್ತರಾಗುತ್ತೇವೆ. ಮುನಿರಾಜು ಒಬ್ಬರೇ ಅಲ್ಲ. ನನಗೆ ಗೊತ್ತಿರುವ ಹತ್ತು ಮನೆಯಲ್ಲಿ ಇದೇ ನಡೆದಿದೆ. ಇವರು ಕೆಟ್ಟವರಲ್ಲ, ಮಗಳನ್ನು ಜೀವದಂತೆ ಸಾಕಿದವರು. ನನಗೆ ಸಿಟ್ಟು ಬರುವುದೇ ಅದಕ್ಕೆ.

ಅಷ್ಟರಲ್ಲಿ ಚೈತ್ರಾ ಬಂದಳು. ಹೆಲ್ಮೆಟ್ ತೆಗೆದು ಸೋಫಾದ ತುದಿಯಲ್ಲಿ ಕೂತು, ಮಾವ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ಅಪ್ಪ, ಆ ಫೀನಿಕ್ಸ್ ಹುಡುಗನ ಹೆಸರೇನು?”

ಮುನಿರಾಜು ಜಯರಾಮ್ ಮುಖ ನೋಡಿದರು. ಜಯರಾಮ್ ಫೋನ್ ನೋಡಿಕೊಂಡರು. (ಅದರಲ್ಲಿ ‘ಫೀನಿಕ್ಸ್ ಪಾರ್ಟಿ’ ಅಂತ ಸೇವ್ ಆಗಿತ್ತು, ನಾನು ಕಣ್ಣಾರೆ ಕಂಡೆ.) ಪ್ರಶಾಂತ್ ಇರಬೇಕು ಅಂದರು ಪುಷ್ಪ.

“ಪ್ರಶಾಂತ್ ಪೋರ್ಟ್‌ಲ್ಯಾಂಡ್‌ನವ್ರು ಅಮ್ಮ. ಇವ್ರು ನವೀನ್,” ಅಂದಳು. “ನಾನೇ ಇಬ್ರಿಗೂ ಮೆಸೇಜ್ ಮಾಡಿದ್ದೆ, ಅಲ್ಲಿ ಬಂದ್ರೆ ನಾನು ನನ್ನ ಕೆಲಸ ಮಾಡೋಕಾಗತ್ತಾ ಅಂತ. ಪ್ರಶಾಂತ್, ನೀವ್ಯಾಕೆ ಕಷ್ಟ ಪಡ್ಬೇಕು, ಆರಾಮಾಗಿರಿ ಅಂದ್ರು. ನವೀನ್, ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ ಅಂದ್ರು. ನಿನ್ನೆ ವಿಚಾರಿಸಿ ಎಲ್ಲಾ ಕಳ್ಸಿದ್ದಾರೆ. ಸುಲಭ ಇಲ್ಲ, ತುಂಬ ಟೈಮ್ ಹಿಡಿಯತ್ತೆ, ಯೋಚನೆ ಮಾಡಿ ಅಂದಿದ್ದಾರೆ. ನಾನು ಯೋಚನೆ ಮಾಡ್ತಾ ಇದ್ದೀನಿ.”

ಅಲ್ಲಿ ಭಾರಿ ಚಳಿ ಕಣಮ್ಮ ಅಂತ ಮುನಿರಾಜು ಶುರು ಮಾಡಿದರು.

“ಹೋಗೋದು ಬಿಡೋದು ಆಮೇಲೆ ಅಪ್ಪ. ಬಿಟ್ಟು ಹೋಗೋದು ಏನನ್ನ ಅಂತ ನಿಮ್ಗೆ ಗೊತ್ತಾ? ನೀವು ಒಂದ್ಸಲನಾದ್ರೂ ನನ್ನ ಕ್ಲಿನಿಕ್ ನೋಡಿದ್ದೀರಾ?”

ನೋಡಿರಲಿಲ್ಲ. ಓಪನಿಂಗ್ ದಿನ ಯಾರದೋ ಮದುವೆ ಇತ್ತಂತೆ. ಆಮೇಲೆ ಸಂದರ್ಭ ಕೂಡಿಬರಲಿಲ್ಲ. ಲಿಂಗರಾಜಪುರದಿಂದ ಹಲಸೂರಿಗೆ ಆಟೋದಲ್ಲಿ ಹೆಚ್ಚೆಂದರೆ ಕಾಲು ಗಂಟೆ ದಾರಿ. ಫೀನಿಕ್ಸ್‌ನ ಬೀದಿ ಬೀದಿ ಸುತ್ತಿದ ಮನುಷ್ಯ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಚೈತ್ರಾ ಕೈಕಾಲು ತೊಳೆಯಲು ಒಳಗೆ ಹೋದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಅವಳಪ್ಪನೂ ನೋಡಿದರು.

ಎದ್ದು ಬರುವಾಗ ನಾನು ಮುನಿರಾಜು ಅವರಿಗೆ ಹೇಳಿದೆ, ಶನಿವಾರ ನನ್ನ ಭುಜಕ್ಕೆ ಅಪಾಯಿಂಟ್‌ಮೆಂಟ್ ಇದೆ, ನನ್ನ ಜತೆ ಬನ್ನಿ, ಬೆಂಚಿನ ಮೇಲೆ ಸುಮ್ಮನೆ ಒಂದು ಗಂಟೆ ಕೂತು ನಿಮ್ಮ ಮಗಳು ಏನು ಮಾಡುತ್ತಾಳೆ ನೋಡಿ. ಅವರು ತಲೆ ತಗ್ಗಿಸಿಕೊಂಡು ಗೇಟಿನವರೆಗೆ ಬಂದರು. ಬರುತ್ತೇನೆ ಅಂತ ಒಪ್ಪಿಕೊಂಡರು. ನನಗೆ ಎಷ್ಟೋ ಸಮಾಧಾನವಾಯಿತು. ಗೇಟಿನ ಚಿಲಕ ಹಾಕುತ್ತ ಒಂದು ಕ್ಷಣ ಯೋಚಿಸಿ ಕೇಳಿದರು:

“ಅಲ್ಲಿ ಪಾರ್ಕಿಂಗ್ ಹೆಂಗೆ ಮೇಡಂ?”