ಹಣೆಯ ಮೇಲಿನ ನೀರು

ಜಗಳಗಂಟರ ಸಹವಾಸ ನನಗೆ ಹೊಸದಲ್ಲ. ಆದರೆ ಸತ್ತು ಮುನ್ನೂರು ವರ್ಷ ಕಳೆದ ಮೇಲೂ ಜಗಳ ಬಿಡದವರನ್ನು ನೋಡಿದ್ದು ಈ ಕೆಲಸಕ್ಕೆ ಸೇರಿದ ಮೇಲೆಯೇ. ವೆಸ್ಟ್‌ಮಂಟ್‌ನ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಒಂದು ಸಣ್ಣ ಕಾಲೇಜಿದೆ. ಅದರ ಲೈಬ್ರರಿಯ ಬೇಸ್‌ಮೆಂಟಿನಲ್ಲಿ ಕೂತು ನಾನು ಹಳೆಯ ಇಂಗ್ಲಿಷ್ ಕಿರುಹೊತ್ತಿಗೆಗಳ ಫೋಟೊ ತೆಗೆಯುತ್ತೇನೆ, ಯಾವುದರಲ್ಲಿ ಏನಿದೆ ಎಂದು ನಾಲ್ಕು ಸಾಲು ಟೈಪ್ ಮಾಡುತ್ತೇನೆ. ಎಲ್ಲದರಲ್ಲೂ ಒಂದೇ ಗಲಾಟೆ, ದೀಕ್ಷಾಸ್ನಾನದ್ದು. ಚರ್ಚಿನವರು ಹುಟ್ಟಿದ ಕೂಸಿನ ಹಣೆಗೆ ನೀರು ಹಾಕಲೇಬೇಕು ಅನ್ನುತ್ತಾರೆ. ಬ್ಯಾಪ್ಟಿಸ್ಟ್ ಪಂಗಡದವರು ಅದು ಸುಳ್ಳು, ಬುದ್ಧಿ ಬಂದವನು ತಾನಾಗಿ ಬಂದು ನೀರಿನಲ್ಲಿ ಪೂರ್ತಿ ಮುಳುಗಬೇಕು ಅನ್ನುತ್ತಾರೆ. ಕ್ವೇಕರರೆಂಬ ಇನ್ನೊಂದು ಪಂಗಡದವರೋ, ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ, ದೇವರ ಬೆಳಕು ಒಳಗೇ ಇರುವಾಗ ನೀರು ಯಾಕೆ ಅನ್ನುತ್ತಾರೆ. ಒಬ್ಬ ಬರೆದದ್ದಕ್ಕೆ ಇನ್ನೊಬ್ಬನ ಉತ್ತರ, ಆ ಉತ್ತರಕ್ಕೆ ಮತ್ತೊಂದು ಉತ್ತರ. ಸುಳ್ಳುಗಾರ, ಕುರುಡ ಎಂಬ ಬೈಗುಳಗಳು ಮುಖಪುಟದಲ್ಲೇ. ಮದುವೆಮನೆಯಲ್ಲಿ ಬೀಗರು ಪಂಕ್ತಿ ಬಿಟ್ಟೆದ್ದು ಕೂಗಾಡಿದ ಹಾಗೆ. ಮೊದಮೊದಲು ನಾನು ಒಬ್ಬಳೇ ಕೂತು ನಕ್ಕಿದ್ದೇ ನಕ್ಕಿದ್ದು.

ನನಗೊಬ್ಬ ಮಗ ಇದ್ದ. ಎರಡು ದಿನದ ಕೂಸನ್ನು ಯಾರು ಮಗ ಅಂತ ಲೆಕ್ಕಕ್ಕಿಡುತ್ತಾರೆ ಎಂದು ನೆಂಟರೊಬ್ಬರು ಸಮಾಧಾನ ಹೇಳಲು ಬಂದಿದ್ದರು; ಅವರ ಮನೆಗೆ ನಾನು ಇವತ್ತಿಗೂ ಹೋಗುವುದಿಲ್ಲ. ಆಗ ನಾವು ಮಿಷಿಗನ್ನಿನ ಡಿಯರ್‌ಬಾರ್ನ್‌ನಲ್ಲಿದ್ದೆವು, ನಮ್ಮನೆಯವರು ಅಲ್ಲಿ ಕಾರು ಕಂಪನಿಯ ಎಂಜಿನಿಯರ್. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಹೆರಿಗೆಯಾದ ಆಸ್ಪತ್ರೆಯಲ್ಲಿ, ಅವನು ಬಾಯಿಗೆ ನಳಿಗೆ ಹಾಕಿಸಿಕೊಂಡು ಅಲ್ಲಿ. ಅವನ ಅಪ್ಪ ಮಾತ್ರ ಪಕ್ಕದಲ್ಲಿದ್ದರು. ಇನ್ನು ಉಳಿಯುವುದಿಲ್ಲ ಎಂದು ಡಾಕ್ಟರು ಅಂದಾಗ ಇವರು ಜೇಬಿನಿಂದ ಗಂಗಾಜಲದ ಪುಟ್ಟ ತಾಮ್ರದ ಗಿಂಡಿ ತೆಗೆದು, ಬಾಯಿಗೆ ಒಂದು ಹನಿ ಬಿಡಬಹುದಾ ಎಂದು ಕೇಳಿದರಂತೆ. ನಳಿಗೆ ಇದೆ, ಬಾಯಿಗೆ ಆಗುವುದಿಲ್ಲ ಎಂದ ನರ್ಸು ಆ ನೀರನ್ನೇ ಬೆರಳಲ್ಲಿ ತೆಗೆದುಕೊಂಡು ಕೂಸಿನ ಹಣೆಗೆ ಹಚ್ಚಿದಳಂತೆ. ಇವರು ನನಗೆ ಹೇಳಿದ್ದು ಇಷ್ಟೇ, ಫೋನಿನಲ್ಲಿ ತಮ್ಮ ತಾಯಿಗೆ ಹೇಳಿದ್ದೂ ಇಷ್ಟೇ.

ನಮ್ಮತ್ತೆ ಬಾಗಲಕೋಟೆ ಕಡೆಯವರು. ಮಿಷನ್ ಆಸ್ಪತ್ರೆ ಇದ್ದ ಓಣಿಯಲ್ಲಿ ಬೆಳೆದವರು, ಹಣೆಗೆ ನೀರು ಅಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಫೋನ್ ನನ್ನ ಕೈಗೆ ಬಂದಾಗ ಅಂದರು: “ಗಂಗಿ ನಮ್ಮಾಕಿ ಇದ್ರ ಏನಾತು, ಕೈ ಅವರದು. ಕಿರಿಸ್ತಾನ ಮಾಡಿ ಕಳಿಸ್ಯಾರ. ಇನ್ನ ಆ ಕೂಸು ನಿನ್ನ ಹೊಟ್ಟಿಗೆ ಹೊಳ್ಳಿ ಬರೂದಿಲ್ಲ.”

ಹಸುಗೂಸು ಹೋದರೆ ಅದೇ ಮನೆಗೆ ಮರಳಿ ಬರುತ್ತದೆ ಎಂಬುದು ಹಿರಿಯರ ನಂಬಿಕೆ. ಮೈಸೂರಿನಲ್ಲಿ ಎಂಎಸ್ಸಿ ಓದಿದವಳು ನಾನು, ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ಆದರೆ ಆಮೇಲೆ ನನಗೆ ಮಕ್ಕಳಾಗಲಿಲ್ಲ. ಡಾಕ್ಟರುಗಳು ಹೇಳಿದ ಕಾರಣಗಳೆಲ್ಲ ಅರ್ಥವಾದವು, ಅತ್ತೆಯ ಮಾತು ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತು. ದಾರಿ ಕಟ್ಟಿದವಳು ಆ ನರ್ಸೇ ಅನ್ನಿಸಿತು. ಮುಖ ಗೊತ್ತಿಲ್ಲದ ಆ ಹೆಂಗಸಿಗೆ ನಾನು ಹಾಕದ ಶಾಪವಿಲ್ಲ.

ಹೊಟ್ಟೆಗೆ ಬರದಿದ್ದರೂ ಅವನು ಮನೆಗೆ ಬಂದ. ಹೇಳಿದರೆ ಹುಚ್ಚು ಅನ್ನುತ್ತೀರಿ, ಅನ್ನಿ. ನಾವು ಮಿಷಿಗನ್ ಬಿಟ್ಟು ಇಲ್ಲಿಗೆ ಬಂದಾಗ ಜೊತೆಗೇ ಬಂದ. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ನಮ್ಮ ಬಡಾವಣೆಯ ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುವಾಗ ಸಾಲಿನ ಕೊನೆಯಲ್ಲಿ ಒಬ್ಬ ಹೆಚ್ಚು ಇರುತ್ತಿದ್ದ. ಬೆಳೆಯುತ್ತಲೂ ಇದ್ದಾನೆ. ಈಗ ಅವನಿಗೆ ಕಾರು ಓಡಿಸುವ ವಯಸ್ಸು. ಭಯವಾಗುತ್ತದೆಯಾ ಎಂದರೆ, ಆಗುತ್ತದೆ. ಬಂದನಲ್ಲ ಎಂದು ಅಲ್ಲ. ತಿರುಗಿ ಕರೆಯಬೇಕು ಅನ್ನಿಸಿದಾಗ ಬಾಯಿಗೆ ಏನೂ ಬರುವುದಿಲ್ಲ, ಅದಕ್ಕೆ. ನಾಮಕರಣಕ್ಕೆ ಮೊದಲೇ ಹೋದವನು. ನಾನು ಒಂದು ಹೆಸರು ಆರಿಸಿದ್ದೆ, ಇವರಿಗೆ ಅಜ್ಜನ ಹೆಸರೇ ಬೇಕಿತ್ತು, ಆ ಜಗಳ ಮುಗಿದಿರಲಿಲ್ಲ. ಎಲ್ಲರೂ ಸೇರಿ ಇಡದ ಹೆಸರು ಹೆಸರಲ್ಲ ಎಂದು ನಾನೂ ಅದನ್ನು ನಾಲಿಗೆಗೆ ತರಲಿಲ್ಲ. ಪುಟ್ಟಾ ಅನ್ನೋಣವೆಂದರೆ ಆ ವಯಸ್ಸು ಅವನಿಗೆ ದಾಟಿಹೋಗಿದೆ. ಮನೆಯಲ್ಲಿ ಈ ವಿಷಯ ಎತ್ತಿದರೆ ಇವರು ಎದ್ದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಕೆಲಸದ ಮೇಜಿನ ಮೇಲೆ ಒಟ್ಟಿಗೇ ಹೊಲಿದ ಮೂರು ಹೊತ್ತಿಗೆಗಳು ಬಂದವು. ಮೂರರಲ್ಲೂ ಒಂದೇ ಪ್ರಸಂಗ. ಒಬ್ಬ ಕ್ವೇಕರನ ಕೂಸು ಸಾಯುತ್ತಿತ್ತು, ಪಕ್ಕದ ಮನೆಯ ಹೆಂಗಸು ಯಾರಿಗೂ ಹೇಳದೆ ಅದರ ಹಣೆಗೆ ನೀರು ಹಾಕಿದಳು. ನೀರು ಬರೀ ನೀರು, ನನ್ನ ಕೂಸನ್ನು ಅದು ಮುಟ್ಟಲೇ ಇಲ್ಲ ಎಂದು ಅಪ್ಪ ಬರೆದಿದ್ದ. ನಿನ್ನಂಥ ಅಪ್ಪನಿದ್ದೂ ಆ ಕೂಸು ಸ್ವರ್ಗ ಗೆದ್ದಿತು ಎಂದು ಪಾದ್ರಿ ಉತ್ತರ ಕೊಟ್ಟಿದ್ದ. ಅದು ಕೂಸು ತಾನಾಗಿ ಕೇಳದ ನೀರು, ಒದ್ದೆಯಾಯಿತು ಅಷ್ಟೇ ಎಂದು ಬ್ಯಾಪ್ಟಿಸ್ಟನೊಬ್ಬ ಇಬ್ಬರನ್ನೂ ಗೇಲಿ ಮಾಡಿದ್ದ. ಮೂರನ್ನೂ ತಲೆಯಿಂದ ಬುಡದವರೆಗೆ ಓದಿದೆ. ಕೂಸಿನ ಹೆಸರು ಎಲ್ಲೂ ಇಲ್ಲ. ತಾಯಿಯ ಸುದ್ದಿಯೇ ಇಲ್ಲ. ಅವಳು ಎಲ್ಲಿದ್ದಳು, ಸತ್ತಿದ್ದಳಾ, ನನ್ನ ಹಾಗೆ ಬೇರೆಲ್ಲೋ ಮಲಗಿದ್ದಳಾ? ಬೆನ್ನ ಹಿಂದೆ ಅವನು ಬಂದು ನಿಂತದ್ದು ಗೊತ್ತಾಯಿತು. ಲೈಬ್ರರಿಗೆ ಅವನು ಬಂದದ್ದು ಅದೇ ಮೊದಲು.

ಲೈಬ್ರರಿಯ ಹಳೆಯ ಪುಸ್ತಕಗಳ ವಿಭಾಗ ನೋಡಿಕೊಳ್ಳುವ ಮುದುಕಿ ಸ್ವತಃ ಕ್ವೇಕರಳು. ಅವರಿಗೆ ನನ್ನ ಕಥೆಯನ್ನೆಲ್ಲ ಹೇಳಿ, ನನ್ನ ಮಗು ಈಗ ಯಾರದು ಎಂದು ಕೇಳಿದೆ. ಕ್ವೇಕರರು ಪ್ರಾರ್ಥನೆಯಲ್ಲೂ ಬಾಯಿ ಬಿಡದೆ ಕೂರುವ ಜನ, ಈಕೆಯೂ ಕೂತರು. ಕೂತೇ ಕೂತರು. ಏನಾದರೂ ಹೇಳಿ ಸಾಯಬಾರದಾ ಎಂದು ನನಗೆ ರೇಗಿತು. ಕಡೆಗೆ ಅವರು ಹೇಳಿದ್ದು ಇಷ್ಟೇ: ಪುಸ್ತಕ ಬರೆದವರಲ್ಲಿ ಯಾರೂ ನೀರು ಹಾಕಿದಾಗ ಕೋಣೆಯಲ್ಲಿ ಇರಲಿಲ್ಲ. ನಿನ್ನ ಮಗುವಿನ ಕೋಣೆಯಲ್ಲಿದ್ದವರು ಇನ್ನೂ ಬದುಕಿದ್ದಾರಲ್ಲ, ಅವರನ್ನು ಕೇಳು.

ಆ ಶನಿವಾರ ನಮ್ಮನೆಯವರು ಬೇಸ್‌ಮೆಂಟಿನಲ್ಲಿ ಡ್ರೈಯರ್‌ನಿಂದ ಬಟ್ಟೆ ತೆಗೆದು ಮಡಚುತ್ತಿದ್ದರು. ನಾನು ಹೋಗಿ ಮೆಟ್ಟಿಲಿಗೆ ಅಡ್ಡ ನಿಂತೆ, ಗ್ಯಾರೇಜಿಗೆ ಹೋಗಲು ದಾರಿ ಇರಬಾರದು ಎಂದೇ.

“ರೀ, ಆವತ್ತು ಆ ನರ್ಸ್ ಬರೀ ನೀರು ಹಚ್ಚಿದ್ಲಾ, ಅವರ ಮಂತ್ರ ಏನಾದ್ರೂ ಹೇಳಿದ್ಲಾ?”

ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದರು. ಆಮೇಲೆ ಅಂದರು: “ಆಕಿ ಮೊದಲ ನನ್ನ ಕೇಳಿದ್ಲು, ನಮ್ಮ ಪ್ರಾರ್ಥನಾ ಮಾಡ್ಲೇನು ಅಂತ. ನಾ ಹೂಂ ಅಂದೆ.”

ಇಷ್ಟು ವರ್ಷ ಯಾರನ್ನೋ ಶಪಿಸಿಕೊಂಡು ಬಂದಿದ್ದೆನಲ್ಲ. ಹೂಂ ಅಂದವರು ನನ್ನ ಪಕ್ಕದಲ್ಲೇ ಮಲಗುತ್ತಿದ್ದರು. ಸಿಟ್ಟು ನೆತ್ತಿಗೇರಿತು. ಯಾಕೆ ಹೂಂ ಅಂದಿರಿ ಎಂದು ಕೂಗಿದೆ.

“ಆಕಿ ಹೆಸರು ಕೇಳಿದ್ಲು. ಅಲ್ಲಿ ಎಲ್ಲಾರೂ ಬೇಬಿ ಬಾಯ್, ಬೇಬಿ ಬಾಯ್ ಅಂತಿದ್ರು. ಅಂವಗೊಂದು ಹೆಸರು ಐತೇನು ಅಂತ ಕೇಳಿದಾಕಿ ಆಕಿ ಒಬ್ಬಾಕಿನ. ನಮ್ಮಲ್ಲೆ ಇನ್ನೂ ಇಟ್ಟಿಲ್ಲ ಅಂತ ಹೆಂಗ ಹೇಳ್ಲಿ? ಅಂವಾ ಹೊಂಟಿದ್ದ. ನೀ ಆರಿಸಿದ್ದ ಹೆಸರ ಹೇಳಿಬಿಟ್ಟೆ. ಆಕಿ ಆ ಹೆಸರಿಲೆ ಕರದು ನೀರು ಹಚ್ಚಿದ್ಲು.”

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೊದಲು ತಮ್ಮ ಅವ್ವನಿಗೆ ಹೆದರಿದರಂತೆ. ಅವ್ವ ಹೋದ ಮೇಲೆ ನನಗೆ. ಹೆಸರು ಗೊತ್ತಾದರೆ ನೀನು ಮರೆಯುವುದಿಲ್ಲ ಅನ್ನಿಸಿತು ಎಂದರು. ಹೆಸರಿಲ್ಲದೆ ನಾನೇನು ಮರೆತೆನಾ ಎಂದೆ.

“ನೀವು ಕರೀತೀರಾ ಅವನನ್ನ?”

“ದಿನಾ,” ಅಂದರು. “ಆಫೀಸಿಗೆ ಹೋಗೂ ಮುಂದ, ಕಾರಿನ್ಯಾಗ.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವನು ಯಾವ ದೇವರ ಮನೆಗೆ ಹೋದನೋ ನನಗೆ ಗೊತ್ತಿಲ್ಲ, ಆ ಜಗಳ ಬೇಕಾದವರು ಆಡಿಕೊಳ್ಳಲಿ. ಹೋಗುವಾಗ ನಾನು ಆರಿಸಿದ ಹೆಸರು ಅವನ ಕಿವಿಗೆ ಬಿದ್ದಿತ್ತು.

ಸೋಮವಾರ ಬೆಳಿಗ್ಗೆ ಇವರು ಡೆಸ್ ಪ್ಲೇನ್ಸ್‌ನ ಆಫೀಸಿಗೆ ಹೊರಟಾಗ ನಾನೂ ಕಾರು ಹತ್ತಿದೆ. ಲೈಬ್ರರಿಗೆ ರಜೆ ಹೇಳಿದ್ದೆ. ಟೋಲ್‌ವೇ ಸೇರಿದ ಮೇಲೂ ಇವರು ಅವನನ್ನು ಕರೆಯಲಿಲ್ಲ, ನಾನಿದ್ದೇನೆಂದು ಸಂಕೋಚ. ಕಡೆಗೆ ನಾನೇ ಕರೆದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಮೇಲೆ ಇವರೂ ಕರೆದರು. ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.