ನೀರು ಬಿಟ್ಟು ಒಂದು ಮೊಳ

ನನಗೆ ನೀರಿನ ಮೇಲೆ ನಿಲ್ಲಲು ಬರುತ್ತದೆ. ನೀರು ಬಿಟ್ಟು ಮೇಲೇಳಲು ಬರುವುದಿಲ್ಲ.

ಐವತ್ತು ದಾಟಿದ ಗಂಡಸೊಬ್ಬ ಇದನ್ನೊಂದು ಕೊರತೆ ಎಂದು ಹೇಳಿಕೊಂಡರೆ ನಿಮಗೆ ನಗು ಬರಬಹುದು. ಮೈಸೂರಿನಲ್ಲಿ ನನ್ನ ವಯಸ್ಸಿನವರ ಕೊರತೆಗಳೆಂದರೆ ಸಕ್ಕರೆ, ಮಂಡಿನೋವು ಮತ್ತು ನಮ್ಮ ಗೇಟಿನ ಮುಂದೆಯೇ ಕಾರು ನಿಲ್ಲಿಸುವ ಎದುರುಮನೆಯವರು. ಈ ಮೂರೂ ನನಗಿವೆ. ಆದರೆ ಮನಸ್ಸಿಗೆ ಕಂಟಕವಾಗಿರುವುದು ನಾಲ್ಕನೆಯದು.

ವಿಷಯವನ್ನು ಕ್ರಮವಾಗಿ ಹೇಳುತ್ತೇನೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿಗಳನ್ನು ತಿದ್ದುವುದು ನನ್ನ ಉದ್ಯೋಗ; ಯಾರು, ಎಲ್ಲಿ, ಏನು ಎಂಬುದು ಮೊದಲು ಬರಬೇಕು, ಗೋಳು ಆಮೇಲೆ. ನಾನು ಕಲಿಯಲು ಹೊರಟ ನೀರಾಟಕ್ಕೆ ಬೇಕಾದದ್ದು ವಿಂಗ್, ಅಂದರೆ ಗಾಳಿ ತುಂಬಿಸಿದ ಒಂದು ದೊಡ್ಡ ರೆಕ್ಕೆ. ಹಾಯಿಯ ಹಾಗೆ ಕಂಬಕ್ಕೆ ಕಟ್ಟಿರುವುದಿಲ್ಲ, ಗಾಳಿಪಟದ ಹಾಗೆ ದಾರವೂ ಇರುವುದಿಲ್ಲ. ಎರಡು ಕೈಯಲ್ಲಿ ಹಿಡಿದು, ಕಾಲ ಕೆಳಗೆ ಒಂದು ಹಲಗೆ ಇಟ್ಟುಕೊಂಡು, ಗಾಳಿ ಎಳೆದತ್ತ ಹೋಗಬೇಕು. ಮಗುಚಿಕೊಂಡ ಕೊಡೆಯೊಂದಿಗೆ ಬಸ್‌ಸ್ಟಾಪಿನಲ್ಲಿ ಹೋರಾಡುವವರನ್ನು ನೀವು ನೋಡಿದ್ದರೆ ಅರ್ಧ ಅರ್ಥವಾದಂತೆ. ಕಾಲ ಕೆಳಗೆ ಇರುವುದು ಪ್ಯಾಡಲ್‌ಬೋರ್ಡ್ ಆದರೆ ಅದು ಮಂಚದಷ್ಟು ಅಗಲ, ಮಂಚದಷ್ಟೇ ಸಾಧು. ನಿಂತುಕೊಂಡರೆ ನಿಲ್ಲಿಸಿಕೊಳ್ಳುತ್ತದೆ. ಇದು ಮೊದಲ ತರಗತಿ.

ಎರಡನೆಯ ತರಗತಿಯ ಹೆಸರು ಫಾಯಿಲ್. ಇಲ್ಲಿ ಹಲಗೆ ಚಿಕ್ಕದಾಗುತ್ತದೆ. ಅದರ ಹೊಟ್ಟೆಯಿಂದ ಕೆಳಕ್ಕೆ ಒಂದು ಕಂಬ, ಕಂಬದ ತುದಿಯಲ್ಲಿ ಪುಟ್ಟ ವಿಮಾನದಂಥ ಒಂದು ಆಕಾರ. ವೇಗ ಕೂಡಿದಾಗ ನೀರಿನೊಳಗಿನ ಆ ವಿಮಾನ ಹಲಗೆಯನ್ನು ಮೇಲಕ್ಕೆ ಎತ್ತುತ್ತದೆ. ಹಲಗೆಯೂ ಅದರ ಮೇಲಿರುವ ಮನುಷ್ಯನೂ ನೀರು ಬಿಟ್ಟು ಒಂದು ಮೊಳ ಮೇಲೆ, ಯಾವುದನ್ನೂ ಮುಟ್ಟದೆ ಸಾಗುತ್ತಾರೆ. ಹಾಗೆಂದು ಹೇಳುತ್ತಾರೆ. ನನ್ನ ಹೆಂಡತಿ ವಸುಧಾ ಹಾಗೆ ಸಾಗುವುದನ್ನು ದಡದಿಂದ ಕಣ್ಣಾರೆ ನೋಡಿದ್ದೇನೆ. ನನ್ನ ವಿಷಯದಲ್ಲಿ ಇದಕ್ಕೆ ಪುರಾವೆ ಇಲ್ಲ.

ವಸುಧಾ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಸೂರ್ಯ ಏಳುವ ಮೊದಲೇ ಒಂದು ಬ್ಯಾಚು, ಸಂಜೆ ಇನ್ನೊಂದು, ನಡುವೆ ಫೋನಿನಲ್ಲಿ ಪೋಷಕರು. ನಾನು ಆಫೀಸಿಗೆ ಹೊರಡುವುದು ಮಧ್ಯಾಹ್ನ, ಬರುವುದು ಪುಟಗಳೆಲ್ಲ ಮುದ್ರಣಕ್ಕೆ ಹೋದ ಮೇಲೆ. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ಇಬ್ಬರು ಪಾಳಿ ಕೆಲಸಗಾರರು ಒಂದೇ ಹಾಸಿಗೆಯನ್ನು ಹಂಚಿಕೊಂಡಿದ್ದೇವೆ ಎಂದರೆ ತಪ್ಪಾಗದು. ಬುಧವಾರ ನನಗೆ ರಜೆ. ಅವಳೂ ಹೇಗೋ ಮಾಡಿ ಬುಧವಾರ ಮಧ್ಯಾಹ್ನವನ್ನು ಖಾಲಿ ಮಾಡಿಕೊಂಡಳು. ಆ ಬಿಡುವಿಗೆ ಏನಾದರೂ ಬೇಕಲ್ಲ ಎಂದು ಊರಾಚೆಯ ಹಿನ್ನೀರಿನಲ್ಲಿ ನಡೆಯುವ ಶಿಬಿರಕ್ಕೆ ಸೇರಿದೆವು.

ಪ್ಯಾಡಲ್‌ಬೋರ್ಡಿನ ಆ ಮೊದಲ ವರ್ಷವನ್ನು ಈಗಲೂ ನೆನೆಯುತ್ತೇನೆ. ಇಬ್ಬರೂ ಅಷ್ಟೇ ದಡ್ಡರು, ಇಬ್ಬರದೂ ಅಷ್ಟೇ ನಿಧಾನ. ಗಾಳಿ ನಮ್ಮನ್ನು ಅಕ್ಕಪಕ್ಕದಲ್ಲಿ ತೇಲಿಸಿಕೊಂಡು ಹೋಗುತ್ತಿತ್ತು, ನಾವು ಮಾತಾಡುತ್ತಿದ್ದೆವು. ಅವಳ ತಾಯಿ ಕಿವಿಗೆ ಯಂತ್ರ ಹಾಕಿಕೊಳ್ಳಲು ಒಪ್ಪದ ಕತೆ, ಹಳೆಯ ಸ್ಕೂಟರನ್ನು ಕೊಡುವುದೋ ಇಟ್ಟುಕೊಳ್ಳುವುದೋ, ಚಿತ್ರಾನ್ನಕ್ಕೆ ಕಾಯಿತುರಿ ಬೇಕೋ ಬೇಡವೋ. ಇದರಲ್ಲಿ ಒಂದೂ ಸುದ್ದಿಯಲ್ಲ, ಒಂದಕ್ಕೂ ತೀರ್ಮಾನವಾಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವು ಹರಟೆ ಹೊಡೆಯಲು ಒಂದು ಜಾಗ ಸಿಕ್ಕಿತ್ತು, ಅದು ನೀರಿನ ಮೇಲಿತ್ತು.

ಆಷಾಢದಲ್ಲಿ ಹೊಸದಾಗಿ ಮದುವೆಯಾದವರನ್ನು ಬೇರೆ ಇಡುವುದು ನಮ್ಮ ಕಡೆಯ ಪದ್ಧತಿ. ಹುಡುಗಿ ತವರಿಗೆ ಹೋಗುತ್ತಾಳೆ, ಹುಡುಗ ಕ್ಯಾಲೆಂಡರ್ ನೋಡುತ್ತಾನೆ. ಇದಕ್ಕೆ ಹಿರಿಯರು ಕೊಡುವ ಕಾರಣಗಳು ಹಲವು, ಒಂದಕ್ಕೊಂದು ತಾಳೆಯಾಗುವುದಿಲ್ಲ. ನಮ್ಮನ್ನು ಮಾತ್ರ ಆಷಾಢ ಬೇರೆ ಮಾಡಿದ್ದು ಬಹಳ ತಡವಾಗಿ, ತಲೆಗೂದಲು ನೆರೆತ ಮೇಲೆ, ಶುದ್ಧ ಗಾಳಿಯ ಮೂಲಕ. ಹಿನ್ನೀರಿನ ಮೇಲೆ ಪಡುವಣ ಗಾಳಿ ಬಿಡದೆ ಬೀಸುವುದು ಆ ತಿಂಗಳಲ್ಲಿ. ಫಾಯಿಲ್ ಕಲಿಯಬೇಕಾದರೆ ಆಗಲೇ ಕಲಿಯಬೇಕು. ಶಿಬಿರ ನಡೆಸುವ ಮಹದೇವ ಇಬ್ಬರಿಗೂ ಒಂದೊಂದು ಚಿಕ್ಕ ಹಲಗೆ ಕೊಟ್ಟರು. ಕೆಲವೇ ವಾರಗಳಲ್ಲಿ ವಸುಧಾ ಎದ್ದಳು. ಎದ್ದವಳು ಹೋದಳು. ಅಕ್ಕಪಕ್ಕ ತೇಲುವುದು ಫಾಯಿಲ್‌ನ ಜಾತಕದಲ್ಲೇ ಇಲ್ಲ. ಅದಕ್ಕೆ ವೇಗವಿದ್ದರೆ ಜೀವ, ನಿಧಾನಿಸಿದರೆ ಸಾವು. ನಾನು ನೀರಿನಲ್ಲಿ ಕತ್ತಿನವರೆಗೆ ಮುಳುಗಿ ತಲೆಯೆತ್ತಿ ನೋಡುವಾಗ ಅವಳು ಆಚೆ ದಡದ ಹತ್ತಿರ, ಕಿತ್ತಳೆ ಬಣ್ಣದ ರೆಕ್ಕೆಯ ಒಂದು ಚುಕ್ಕೆ.

ಹಾಗಾಗಿ, ಓದುಗರೇ, ನನಗೆ ಹಾರುವ ಹುಚ್ಚು ಹಿಡಿದಿದೆ ಎಂದು ತಿಳಿಯಬೇಡಿ. ನನಗೆ ಬೇಕಾಗಿದ್ದು ಬುಧವಾರದ ಹರಟೆ. ಅದು ಒಂದು ಮೊಳ ಮೇಲಕ್ಕೆ ಹೋಗಿಬಿಟ್ಟಿತ್ತು, ಅದನ್ನು ಹಿಡಿಯಲು ನಾನೂ ಮೇಲೇಳಬೇಕಿತ್ತು. ಕಷ್ಟವೆಂದರೆ ಅಷ್ಟೇ.

ಎರಡು ಆಷಾಢ ಪ್ರಯತ್ನಿಸಿದೆ. ಬೀಳುವುದರಲ್ಲಿ ವೈವಿಧ್ಯ ಸಾಧಿಸಿದೆ. ಮುಂದಕ್ಕೆ ಬಿದ್ದೆ, ಹಿಂದಕ್ಕೆ ಬಿದ್ದೆ, ರೆಕ್ಕೆಯ ಮೇಲೆ ಬಿದ್ದೆ, ರೆಕ್ಕೆ ನನ್ನ ಮೇಲೆ ಬಿತ್ತು. ಒಮ್ಮೆ ಬೀಳದೆಯೇ ನಿಂತುಬಿಟ್ಟೆ, ಅದು ಇನ್ನೂ ದೊಡ್ಡ ಅವಮಾನ. ಅದರ ವಿವರ ಹೀಗಿದೆ. ನಮ್ಮೂರಿನ ಪತ್ರಿಕೆಗಳಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ದಿನವೂ ಮುಖಪುಟದ ಒಂದು ಪುಟ್ಟ ಚೌಕದಲ್ಲಿ ಬರುತ್ತದೆ. ಗದ್ದೆಯವರು ಅದನ್ನು ನೋಡಿ ನಾಟಿಯ ಲೆಕ್ಕ ಹಾಕುತ್ತಾರೆ, ಬೆಂಗಳೂರಿನವರು ನಲ್ಲಿಯ ಲೆಕ್ಕ. ನಮ್ಮ ಪತ್ರಿಕೆಯಲ್ಲಿ ಆ ಚೌಕವನ್ನು ಪರಿಶೀಲಿಸುವವನು ನಾನು. ಫಾಯಿಲ್ ಕಂಬ ಮುಳುಗಲು ಆಳ ಬೇಕು. ಮಟ್ಟ ಏರಿದೆ ಎಂದು ನನ್ನ ಪುಟವೇ ಹೇಳಿತ್ತು. ನಾನು ನಿರ್ಭಯವಾಗಿ ನುಗ್ಗಿದೆ. ಅಣೆಕಟ್ಟೆಯ ಗೋಡೆಯ ಬಳಿ ಅಳೆದ ಅಂಕಿ ಅದು. ನಾನಿದ್ದದ್ದು ಹಿನ್ನೀರಿನ ಅಂಚಿನಲ್ಲಿ. ನನ್ನ ಕೆಳಗೆ ಬೇಸಿಗೆಯಲ್ಲಿ ಯಾರೋ ಉತ್ತು ಬಿಟ್ಟ ಹೊಲದ ಬದು ಇತ್ತು. ಕಂಬ ಬದುವಿಗೆ ನಾಟಿಕೊಂಡಿತು. ನಾನು ಕೆರೆಯ ನಡುವಿನ ಪ್ರತಿಮೆಯಂತೆ ನಿಂತೆ. ಅಂಕಿ ಸರಿಯಾಗಿತ್ತು, ಅದನ್ನು ನಂಬಿದ ಜಾಗ ಸರಿಯಿರಲಿಲ್ಲ. ಮಹದೇವ ನೀರಿಗಿಳಿದು ಬಂದು ಕಂಬ ಬಿಡಿಸಿಕೊಟ್ಟರು. ಪೇಪರಿನಲ್ಲಿ ಬರುವುದೆಲ್ಲ ಹೀಗೇನಾ ಸಾರ್ ಎಂದು ವಿನಯದಿಂದ ಕೇಳಿದರು.

ಆದರೆ ನನ್ನ ನಿಜವಾದ ರೋಗ ಬದುವಿನದ್ದಲ್ಲ, ಕತ್ತಿನದ್ದು. ಹಲಗೆ ಮೇಲೇಳುವ ಕ್ಷಣವೊಂದು ಬರುತ್ತದೆ. ಅಡಿಯಲ್ಲಿ ಬಡಿಯುತ್ತಿದ್ದ ನೀರಿನ ಸದ್ದು ತಟ್ಟನೆ ಕಡಿಮೆಯಾಗುತ್ತದೆ. ಆಗ ದೂರ ನೋಡುತ್ತಿರಬೇಕು, ಕಣ್ಣು ಹೋದತ್ತ ಹಲಗೆ ಹೋಗುತ್ತದೆ. ನಾನು ಏನು ಮಾಡುತ್ತೇನೆ? ಎದ್ದೆನೋ ಇಲ್ಲವೋ ಎಂದು ಬಗ್ಗಿ ನೋಡುತ್ತೇನೆ. ಮೂವತ್ತು ವರ್ಷದ ಅಭ್ಯಾಸ. ಯಾರಾದರೂ ಸತ್ತರೆಂದು ಸುದ್ದಿ ಬಂದರೂ ನಾವು ಮನೆಗೆ ಫೋನು ಮಾಡಿ ಕೇಳದೆ ಹಾಕುವುದಿಲ್ಲ. ಇನ್ನು ನಾನು ಎದ್ದೆನೆಂಬುದನ್ನು ನೋಡದೆ ನಂಬಲೇ? ಬಗ್ಗಿದ ಕೂಡಲೇ ಹಲಗೆಯ ಮೂತಿಯೂ ಬಗ್ಗುತ್ತದೆ. ಆಮೇಲೆ ಪರಿಶೀಲಿಸಲು ಏನೂ ಉಳಿದಿರುವುದಿಲ್ಲ.

“ನೀರ್ ನೋಡ್ಬೇಡಿ ಸಾರ್, ಬೆಟ್ಟ ನೋಡಿ. ಮಿಕ್ಕಿದ್ದು ಅಮ್ನೋರ್ ನೋಡ್ಕತಾರೆ” ಎಂದು ಮಹದೇವ ದಡದಿಂದ ಹೇಳುತ್ತಿದ್ದರು. ಚಾಮುಂಡಿ ಬೆಟ್ಟ ಆಷಾಢದಲ್ಲಿ ಹೆಚ್ಚಿನ ಹೊತ್ತು ಮೋಡದೊಳಗಿರುತ್ತದೆ. ನಾನು ಅದನ್ನು ಹೇಳಿದೆ. ಇಲ್ಲದ ಬೆಟ್ಟವನ್ನೇ ನೋಡಿ ಎಂದರು. ಡೆಸ್ಕಿನವನಿಗೆ ಇದಕ್ಕಿಂತ ಕಠಿಣವಾದ ಆಜ್ಞೆ ಬೇರೆ ಇಲ್ಲ.

ವಸುಧಾಳ ಟೀಕೆ ಇನ್ನೂ ಚಿಕ್ಕದು. ಒಮ್ಮೆ ನನ್ನ ಪಕ್ಕದಲ್ಲೇ ಹಾದುಹೋಗುತ್ತ, “ಅಲ್ಲಿ ಕೆಳಗೇನ್ರೀ ಬರ್ದಿದೆ?” ಎಂದು ಕೇಳಿದಳು. ಉತ್ತರ ಕೇಳಲು ನಿಲ್ಲಲಿಲ್ಲ. ಫಾಯಿಲ್‌ಗೆ ನಿಲ್ಲಲು ಬರುವುದಿಲ್ಲ, ಹೇಳಿದೆನಲ್ಲ. ಆ ಇಡೀ ಮಧ್ಯಾಹ್ನದಲ್ಲಿ ನಮ್ಮಿಬ್ಬರ ನಡುವೆ ನಡೆದ ಸಂಭಾಷಣೆ ಅಷ್ಟೇ.

ಅವಳಿಗೆ ಅದು ಹೇಗೆ ಬಂತೆಂದು ಮನೆಯಲ್ಲಿ ಕೇಳಿದ್ದೆ. ವಿಮಾನದ ರೆಕ್ಕೆ ಹೇಗೆ ಎತ್ತುತ್ತದೆ ಎಂಬುದನ್ನು ವರ್ಷಕ್ಕೆ ಮೂರು ಬ್ಯಾಚಿಗೆ ಪಾಠ ಹೇಳುವವಳು, ಏನಾದರೂ ಸೂತ್ರ ಹೇಳುತ್ತಾಳೆಂದು ಕಾಯುತ್ತಿದ್ದೆ. ಅದೆಲ್ಲ ಪರೀಕ್ಷೆಗೆ, ಇದಕ್ಕೆ ಪಾದ ಸಾಕು ಎಂದಳು. ನಾನು ನನ್ನ ಪಾದಗಳನ್ನು ನೋಡಿಕೊಂಡೆ. ಮತ್ತೆ ಬಗ್ಗಿ ನೋಡಿದ್ದೆ ಎಂದು ಆಮೇಲೆ ಹೊಳೆಯಿತು.

ಈ ವರ್ಷದ ಗಾಳಿ ಮುಗಿಯುವ ಬುಧವಾರ ನಾನು ಕೈಚೆಲ್ಲಿದೆ. ಫಾಯಿಲ್ ಹಲಗೆಯನ್ನು ಕಾರಿನಿಂದ ಇಳಿಸಲೇ ಇಲ್ಲ. ಶಿಬಿರದ ಗುಡಿಸಲಿನಲ್ಲಿ ಬಿದ್ದಿದ್ದ ಅಗಲದ ಪ್ಯಾಡಲ್‌ಬೋರ್ಡ್ ಮತ್ತು ಒಂದು ಹುಟ್ಟು ತೆಗೆದುಕೊಂಡೆ, ರೆಕ್ಕೆಯನ್ನೂ ಮುಟ್ಟಲಿಲ್ಲ. ಮಹದೇವ ಹುಟ್ಟಿನ ಧೂಳು ಒರೆಸಿಕೊಟ್ಟರು. ಪಾಸಾಗದ ಹುಡುಗ ಪುಸ್ತಕ ಮಾರಲು ಬಂದಾಗ ಅಂಗಡಿಯವನು ಹೀಗೆಯೇ ಧೂಳು ಒರೆಸುತ್ತಾನೆ. ವಸುಧಾ ನನ್ನ ಕೈಯಲ್ಲಿದ್ದ ಹುಟ್ಟನ್ನು ಒಮ್ಮೆ ನೋಡಿದಳು, ತನ್ನ ರೆಕ್ಕೆ ಎತ್ತಿಕೊಂಡು ನೀರಿಗಿಳಿದಳು, ಎದ್ದಳು, ಚುಕ್ಕೆಯಾದಳು.

ನಾನು ದಡದ ಬಳಿಯೇ ಹುಟ್ಟು ಹಾಕುತ್ತಿದ್ದೆ. ಇನ್ನು ಬುಧವಾರಗಳನ್ನು ಹೀಗೆ ಕಳೆಯಬೇಕು ಎಂದು ಲೆಕ್ಕ ಹಾಕಿದೆ: ಅವಳು ಆಚೆ, ನಾನು ಈಚೆ, ವಾಪಸು ಹೋಗುವಾಗ ಕಾರಿನಲ್ಲಿ ಅವಳಿಗೆ ನಿದ್ದೆ. ಎಷ್ಟೋ ಮನೆಗಳಲ್ಲಿ ಇಷ್ಟೂ ಇರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ನೆಟ್ಟಗೆ ನಿಲ್ಲಲಿಲ್ಲ.

ಆಗ ಗಾಳಿ ನಿಂತುಹೋಯಿತು. ನಿಧಾನವಾಗಿ ಅಲ್ಲ, ಯಾರೋ ಫ್ಯಾನ್ ಆರಿಸಿದಂತೆ. ಕಿತ್ತಳೆ ಚುಕ್ಕೆ ಕುಸಿದು ನೀರಿಗೆ ಅಂಟಿಕೊಂಡಿತು. ಗಾಳಿಯಿಲ್ಲದಿದ್ದರೆ ಫಾಯಿಲ್‌ನವರು ಏನೂ ಮಾಡುವಂತಿಲ್ಲ. ಆ ಚಿಕ್ಕ ಹಲಗೆ ಮನುಷ್ಯನ ಭಾರವನ್ನು ನೆಟ್ಟಗೆ ತೇಲಿಸುವುದೂ ಇಲ್ಲ. ಮಹದೇವ ದಡದಲ್ಲಿ ಎದ್ದು ನಿಂತು ಮೋಟಾರು ದೋಣಿ ತೆಗೆಯಲೇ ಎಂದು ಕೇಳಿದರು. ಬೇಡವೆಂದೆ. ಮುಚ್ಚಿಡುವುದೇಕೆ, ನನಗೆ ಸಂತೋಷವಾಯಿತು. ಎರಡು ಆಷಾಢದ ಮಾತು ನನ್ನೊಳಗೆ ಬಾಕಿ ಇತ್ತು, ಹಿಂದಿರುಗುವ ದಾರಿ ಉದ್ದವಿತ್ತು, ಅವಳು ಎಲ್ಲಿಗೂ ಹಾರಿಹೋಗುವಂತಿರಲಿಲ್ಲ.

ನಾನು ಹತ್ತಿರ ಹೋದಾಗ ಅವಳು ಸೊಂಟದವರೆಗೆ ನೀರಿನಲ್ಲಿ ಹಲಗೆಯ ಮೇಲೆ ಕೂತಿದ್ದಳು. ಬಂದ್ರಾ ಎಂದಳು. ಅವಳ ಹಲಗೆಯನ್ನೂ ರೆಕ್ಕೆಯನ್ನೂ ನನ್ನದರ ಹಿಂದಕ್ಕೆ ಕಟ್ಟಿದೆ. ಅವಳು ಮುಂದೆ ಹತ್ತಿ, ನನಗೆ ಬೆನ್ನು ಮಾಡಿ ಕಾಲು ಚಾಚಿ ಕೂತಳು. ನಾನು ಹುಟ್ಟು ಹಾಕತೊಡಗಿದೆ, ಮಾತನ್ನೂ ಶುರು ಮಾಡಿದೆ. ಅತ್ತೆಯ ಕಿವಿಯ ಯಂತ್ರದಿಂದ ಆರಂಭಿಸಿ, ಎದುರುಮನೆಯ ಕಾರಿಗೆ ಬಂದು, ಡೆಸ್ಕಿನ ಹೊಸ ಹುಡುಗಿ ಕೊಟ್ಟ ಒಂದು ತಮಾಷೆಯ ತಲೆಬರಹದವರೆಗೆ ಹೋದೆ. ಅವಳು ಹ್ಞೂಂ ಎನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು.

“ರೀ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ” ಎಂದಳು, ತಿರುಗದೆ. “ಬೆಳಗ್ಗೆ ಎದ್ದಾಗಿಂದ ಮಲಗೋವರ್ಗೂ ನಂದು ಬರೀ ಮಾತು. ಅಲ್ಲಿ ಮೇಲೆದ್ರೆ ನೀರಿನ್ ಸದ್ದೂ ಇರಲ್ಲ. ನಾನು ಹೋಗೋದೇ ಅದಕ್ಕೆ.”

ನಾನು ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದೆ.

“ನಿನ್ ಜೊತೆ ಮಾತಾಡೋಕೆ ಅಂತಾನೇ ನಾನು ಇದನ್ನ ಕಲೀತಿದ್ದೆ” ಎಂದೆ.

“ಗೊತ್ತು ಕಣ್ರೀ. ಅದಕ್ಕೇ ಹೇಳೋಕೆ ಇಷ್ಟ್ ದಿನ ಆಯ್ತು.”

ನನ್ನ ಸ್ಥಿತಿಯನ್ನು ನೀವು ಊಹಿಸಬೇಕು. ಎದ್ದು ಅವಳನ್ನು ಸೇರಿಕೊಂಡಿದ್ದರೂ ಅಲ್ಲಿ ನನಗೆ ಬೇಕಾದದ್ದು ಇರಲಿಲ್ಲ. ಎರಡು ವರ್ಷ ನಾನು ಬಿದ್ದೆದ್ದು ಹೋಗಲು ನೋಡಿದ ಮನೆಗೆ ಒಳಗಿನಿಂದ ಚಿಲಕ ಹಾಕಿತ್ತು. ಕೋಪದಿಂದ ಅಲ್ಲ, ಬರೀ ಸುಸ್ತಿನಿಂದ. ಹರಟೆಯೆಂದು ನಾನು ಎದೆಗಿಟ್ಟುಕೊಂಡಿದ್ದ ಆ ಮೊದಲ ವರ್ಷವೂ ಅವಳಿಗೆ ಇನ್ನೊಂದು ಬ್ಯಾಚೇ ಆಗಿತ್ತೋ ಏನೋ. ಕೇಳಬಹುದಿತ್ತು. ಕೇಳಿದರೆ ಅದಕ್ಕೂ ಅವಳು ಮಾತಾಡಬೇಕಾಗುತ್ತಿತ್ತು. ಬೇರೆಯವರ ಬರಹದಲ್ಲಿ ಹೆಚ್ಚಾದ ಮಾತು ಎಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸಿ ಸಂಬಳ ತೆಗೆದುಕೊಳ್ಳುವವನು ನಾನು.

ಸುಮ್ಮನೆ ಹುಟ್ಟು ಹಾಕಿದೆ. ಮುಳುಗಿದ ಮರವೊಂದರ ಬೋಳು ತುದಿ ನೀರಿನಿಂದ ಎದ್ದಿತ್ತು. ಅದರ ಮೇಲೆ ನೀರುಕಾಗೆಯೊಂದು ಒದ್ದೆ ರೆಕ್ಕೆಗಳನ್ನು ಎರಡೂ ಕಡೆ ಬಿಚ್ಚಿ, ಇಲ್ಲದ ಗಾಳಿಗೆ ಹಿಡಿದುಕೊಂಡು, ತನ್ನ ಕಾಲನ್ನೇ ಬಗ್ಗಿ ನೋಡುತ್ತ ನಿಂತಿತ್ತು. ನನ್ನ ಬಾಯಿಯ ತುದಿಗೆ ಒಂದು ಒಳ್ಳೆಯ ಮಾತು ಬಂತು. ಅದನ್ನು ನುಂಗಿದೆ. ನಾವು ಆ ಮರವನ್ನು ದಾಟುವಾಗ ವಸುಧಾಳ ಕತ್ತು ಆ ಕಡೆಗೆ ತಿರುಗಿತು, ಅವಳ ಭುಜಗಳು ಸ್ವಲ್ಪ ಅಲುಗಿದವು. ನಗುವೋ ಚಳಿಯೋ ಹಿಂದಿನಿಂದ ತಿಳಿಯಲಿಲ್ಲ. ದಡ ಇನ್ನೂ ದೂರವಿತ್ತು.